ಕರೆದೊಡನೆ ಬರುವವರು



ಶತಮಾನೋತ್ಸವದ ಈ ವೇದಿಕೆಯಲ್ಲಿ ಆರೋಗ್ಯ ಸೇವಕರನ್ನು ಗೌರವಿಸುವ ಸಂದರ್ಭದಲ್ಲಿ, ಹಳೆಯ ವಿದ್ಯಾರ್ಥಿಗಳ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ನಮಗೆ ಅಪ್ಪಣೆಯಾಗಿದೆ. ಶಾಲು, ಹಾರ, ಫಲತಾಂಬೂಲ ಇಷ್ಟಾದರೆ ಸನ್ಮಾನ ಮುಗಿಯಿತೆಂದು ಭಾವಿಸುವ ರೂಢಿ ನಮ್ಮಲ್ಲಿದೆ. ಇನ್ನೊಂದು ರೂಢಿಯೂ ಇದೆ. ಗೋಡೆಗೆ ಕಲ್ಲು ಕೊಟ್ಟವರನ್ನು ನೆನೆಯುತ್ತೇವೆ. ಆ ಗೋಡೆಗಳ ನಡುವೆ ಓದಿದ ಮಕ್ಕಳನ್ನು ಭೂಮಿಗೆ ತಂದ ಕೈಗಳನ್ನು ನೆನೆಯುವುದಿಲ್ಲ. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಬಹಳಷ್ಟು ಜನ ಹುಟ್ಟಿದ್ದು ದವಾಖಾನೆಯಲ್ಲಿ ಅಲ್ಲ, ಮನೆಯ ಒಳಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಆ ತಾಯಿಯ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು?

ಹೆಸರು ಉಳಿದಿರುವ ಒಬ್ಬ ಸೂಲಗಿತ್ತಿಯನ್ನು ಇಲ್ಲಿ ಸ್ಮರಿಸಲು ಬಯಸುತ್ತೇವೆ. ಅವರು ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರದ ನರಸಮ್ಮನವರು. ಪಾವಗಡವೂ ನಮ್ಮ ಸೀಮೆಯಂತೆ ಗಡಿಯ ಸೀಮೆ. ಅದರ ಸುತ್ತ ಆಂಧ್ರದ ನೆಲ. ನರಸಮ್ಮನವರ ಮನೆಮಾತು ತೆಲುಗು. 1920ರಲ್ಲಿ ಹುಟ್ಟಿದ ಅವರು ಅಕ್ಷರ ಕಲಿತವರಲ್ಲ. ಹನ್ನೆರಡನೆಯ ವಯಸ್ಸಿಗೆ ಮದುವೆಯಾಯಿತು. ಹನ್ನೆರಡು ಮಕ್ಕಳನ್ನು ಹೆತ್ತರು, ಅವರಲ್ಲಿ ನಾಲ್ವರನ್ನು ಎಳವೆಯಲ್ಲಿಯೇ ಕಳೆದುಕೊಂಡರು. ಹೆರಿಗೆಯ ವಿದ್ಯೆಯನ್ನು ಅಜ್ಜಿಯಿಂದ ಕಲಿತರು. ಊರಿಗೆ ಬಂದು ತಂಗುತ್ತಿದ್ದ ಅಲೆಮಾರಿ ಜನರನ್ನು ಉಪಚರಿಸಿ, ಅವರಿಂದ ಗರ್ಭಿಣಿಯರಿಗೆ ಕೊಡುವ ಗಿಡಮೂಲಿಕೆಯ ಔಷಧಗಳನ್ನು ತಿಳಿದುಕೊಂಡರು. 1940ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಬಂಧುವೊಬ್ಬರ ಹೆರಿಗೆಯನ್ನು ಮಾಡಿಸಿದರು. ಅಲ್ಲಿಂದ ಏಳು ದಶಕಗಳ ಕಾಲ ಕರೆ ಬಂದ ಮನೆಗೆ ಹೋದರು. ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು. ಯಾವುದಕ್ಕೂ ಹಣ ಪಡೆಯಲಿಲ್ಲ.

ನಾಡು ಅವರನ್ನು ಕಂಡದ್ದು ಯಾವಾಗ? ದೊಡ್ಡ ಗೌರವಗಳು ಬಂದದ್ದು ತೊಂಬತ್ತು ದಾಟಿದ ಮೇಲೆ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಸನ್ಮಾನ ತಡವಾಯಿತೆಂದು ದೂರುವುದು ಸುಲಭ. ಆದರೆ ಅವರು ಮೂವತ್ತರ ಹರೆಯದಲ್ಲಿ ನಡುರಾತ್ರಿ ಕಂದೀಲು ಹಿಡಿದು ಹೊರಟಾಗ ಸನ್ಮಾನಿಸಬೇಕಾಗಿದ್ದವರು ದಿಲ್ಲಿಯವರಲ್ಲ, ಪಕ್ಕದ ಮನೆಯವರು, ಪಕ್ಕದ ಊರಿನವರು. ಅಂದರೆ ನಮ್ಮಂತಹವರು.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹಿಂದಿನ ಕಾಲವೇ ಲೇಸಾಗಿತ್ತು, ಮನೆಯ ಹೆರಿಗೆಯೇ ಉತ್ತಮವಾಗಿತ್ತು ಎಂದು ನಾವು ವಾದಿಸುತ್ತಿಲ್ಲ. ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೆ, ಕೂಸು ಅಡ್ಡವಾಗಿದ್ದರೆ, ಎಂತಹ ಕೈಗುಣಕ್ಕೂ ಮಿತಿಯಿದೆ. ಎಷ್ಟೋ ತಾಯಂದಿರು ಆ ಮಿತಿಯ ಆಚೆ ಉಳಿದುಹೋದರು. ಆದ್ದರಿಂದಲೇ ಇಂದು ಸೂಲಗಿತ್ತಿಯ ಸ್ಥಾನಕ್ಕೆ ನರ್ಸಬಾಯಿ, ಆಶಾ ಕಾರ್ಯಕರ್ತೆ, ಆಂಬುಲೆನ್ಸಿನ ಸಿಬ್ಬಂದಿ ಬಂದಿದ್ದಾರೆ. 108 ಸೇವೆ ಮೊದಲು ಆರಂಭವಾದದ್ದು 2005ರಲ್ಲಿ ಹೈದರಾಬಾದಿನಲ್ಲಿ. ಕರ್ನಾಟಕಕ್ಕೆ 2008ರ ರಾಜ್ಯೋತ್ಸವದ ದಿನ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಬಂದಿತು. ಮಹಾರಾಷ್ಟ್ರಕ್ಕೆ 2014ರಲ್ಲಿ ಬಂದಿತು. ಸಂಕೇಶ್ವರದಲ್ಲಿ ಒತ್ತಿದರೂ ಗಡಹಿಂಗ್ಲಜದಲ್ಲಿ ಒತ್ತಿದರೂ ಸಂಖ್ಯೆ ಒಂದೇ. ಬರುವ ಗಾಡಿಯ ವ್ಯವಸ್ಥೆ ಮಾತ್ರ ಎರಡು ಸರಕಾರಗಳದು.

ಆಶಾ ಕಾರ್ಯಕರ್ತೆಯರಿಗೆ 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ಆರೋಗ್ಯ ನಾಯಕತ್ವದ ಪುರಸ್ಕಾರ ನೀಡಿತು. ಜಗತ್ತು ಅವರನ್ನು ನಾಯಕರೆಂದಿತು. ನಮ್ಮ ಕಡತಗಳಲ್ಲಿ ಅವರು ಇಂದಿಗೂ ಸ್ವಯಂಸೇವಕಿಯರು, ಪಡೆಯುವುದು ಸಂಬಳವಲ್ಲ, ಪ್ರೋತ್ಸಾಹಧನ. ಶಾಲು ಹೊದಿಸುವ ಕೈಗಳು ಈ ವಿಷಯವನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ಈ ಶಾಲೆಗೇ ಸಂಬಂಧಿಸಿದ ಮಾತು. ಹೊಟ್ಟೆ ಹಿಡಿದುಕೊಂಡ ಅಜ್ಜಿಯೊಬ್ಬರು ‘ಚಳಕು ಬರ್ತೈತಿ’ ಎನ್ನುತ್ತಾರೆ, ‘ಎದಿ ಹಿಡಕೊಂಡೈತಿ’ ಎನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳುವವರಿಗೆ ಮರಾಠಿ ಮಾತ್ರ ಬಂದರೆ ನಡುವೆ ಒಬ್ಬರು ತರ್ಜುಮೆ ಮಾಡಬೇಕು. ನೋವನ್ನು ತರ್ಜುಮೆ ಮಾಡುವಾಗ ಎಷ್ಟು ಸೋರಿಹೋಗುತ್ತದೆಯೆಂದು ಮನೆಯಲ್ಲಿ ರೋಗಿಗಳನ್ನು ಕಂಡವರಿಗೆಲ್ಲ ಗೊತ್ತು. ಮರಾಠಿ ನಮ್ಮ ನೆರೆಯ ಭಾಷೆ, ನಮ್ಮ ಸಂತೆಯ ಭಾಷೆ. ಅದರ ಮೇಲೆ ನಮಗೆ ದೂರಿಲ್ಲ. ಆದರೆ ಎರಡನ್ನೂ ಬಲ್ಲ ನರ್ಸುಗಳು, ತಂತ್ರಜ್ಞರು, ಆಂಬುಲೆನ್ಸ್ ಸಿಬ್ಬಂದಿ ಈ ಸೀಮೆಗೆ ಬೇಕು. ಅವರು ಕನ್ನಡ ಶಾಲೆಯ ಬೆಂಚುಗಳಿಂದಲ್ಲದೆ ಬೇರೆಲ್ಲಿಂದ ಬರಬೇಕು? ಕನ್ನಡ ಮಾಧ್ಯಮದಲ್ಲಿ ಓದಿಸಿದರೆ ಮಕ್ಕಳಿಗೆ ಏನು ಸಿಗುತ್ತದೆಯೆಂದು ಕೇಳುವ ಪಾಲಕರು ನಮ್ಮ ನಡುವೆ ಇದ್ದಾರೆ. ಕೇಳುವುದು ತಪ್ಪಲ್ಲ. ಅವರಿಗೆ ಕೊಡಬಹುದಾದ ಅನೇಕ ಉತ್ತರಗಳಲ್ಲಿ ಇದೂ ಒಂದು.

ಗುರುಗಳಲ್ಲಿ ಒಂದು ಬಿನ್ನಹ. ವಾರಕ್ಕೊಂದು ತಾಸು ಪ್ರಥಮ ಚಿಕಿತ್ಸೆಯ ಪಾಠವಿರಲಿ. ರಕ್ತ ಸೋರುವಲ್ಲಿ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯುವುದು, ಹಾವು ಕಚ್ಚಿದವರನ್ನು ನಡೆಸದೆ, ಗಾಯ ಕೊಯ್ಯದೆ ದವಾಖಾನೆಗೆ ಸಾಗಿಸುವುದು, ಮೂರ್ಛೆ ಬಂದವರ ಬಾಯಿಗೆ ನೀರು ಹಾಕದಿರುವುದು, ಇವೆಲ್ಲ ಐದನೆಯ ಇಯತ್ತೆಯ ಮಗುವಿಗೂ ತಿಳಿಯುವಂಥವು.

ಅದಕ್ಕೂ ಮೊದಲು ಫೋನು ಮಾಡಲು ಕಲಿಸಿರಿ. ಇದು ಸಣ್ಣ ಮಾತೆನಿಸಬಹುದು. ಕೊಲ್ಹಾಪುರ ಜಿಲ್ಲೆಯೊಂದರಲ್ಲಿಯೇ ಎರಡು ಹಲಕರ್ಣಿಗಳಿವೆ, ಒಂದು ನಮ್ಮದು, ಇನ್ನೊಂದು ಚಂದಗಡ ತಾಲೂಕಿನದು. ಗಾಬರಿಯಲ್ಲಿ ಬರಿಯ ಊರ ಹೆಸರು ಹೇಳಿ ಫೋನು ಇಟ್ಟುಬಿಟ್ಟರೆ ಗಾಡಿ ಎತ್ತ ಹೊರಟೀತು? ಕರೆದೊಡನೆ ಬರುವವರಿಗೆ ನಾವು ತೋರಬಹುದಾದ ಮೊದಲ ಗೌರವವೆಂದರೆ ಸರಿಯಾಗಿ ಕರೆಯುವುದು. ‘ಹಲಕರ್ಣಿ, ತಾಲೂಕು ಗಡಹಿಂಗ್ಲಜ, ಕನ್ನಡ ಶಾಲೆಯ ಹತ್ತಿರ’ ಎಂದು ನಮ್ಮ ಮಕ್ಕಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ತಡವರಿಸದೆ ಹೇಳುವಂತಾಗಲಿ.