ಐದು ಲಕ್ಷ ಸಾಲದಾ?

2025ರ ಜನವರಿಯಲ್ಲಿ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಎರಡೂ ಫೈನಲ್‌ಗಳಲ್ಲಿ ಎದುರಾಳಿ ನೇಪಾಳ. ನಮ್ಮ ಹೆಣ್ಣುಮಕ್ಕಳು 78-40, ಗಂಡುಮಕ್ಕಳು 54-36. ಎರಡೂ ಕಪ್ ನಮ್ಮವೇ. ಆ ತಂಡಗಳಲ್ಲಿ ಕನ್ನಡಿಗರಿಬ್ಬರು: ಬೆಂಗಳೂರಿನ ಎಂ.ಕೆ. ಗೌತಮ್, ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ. ನಮ್ಮ ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಇಬ್ಬರೂ ಬೇಡ ಅಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಎರಡೂಕಾಲು ಕೋಟಿ ರೂಪಾಯಿ, ಜೊತೆಗೆ ಸರ್ಕಾರಿ ನೌಕರಿ ಕೊಡುತ್ತಿದೆ, ನಮಗ್ಯಾಕೆ ಇಷ್ಟೇ ಅನ್ನುವುದು ಅವರ ಪ್ರಶ್ನೆ.

ಐದು ಲಕ್ಷ ಸಾಲದಾ ಅನ್ನೋರು ಈ ಆಟವನ್ನು ಒಮ್ಮೆ ಸರಿಯಾಗಿ ನೋಡಬೇಕು. ಎರಡು ಕಂಬ, ನಡುವೆ ಎಂಟು ಜನ ಕೂತಿರುತ್ತಾರೆ, ಒಬ್ಬರು ಆ ಕಡೆ ಮುಖ, ಮತ್ತೊಬ್ಬರು ಈ ಕಡೆ. ಒಂಬತ್ತನೆಯವರು ಅಟ್ಟಿಸಿಕೊಂಡು ಹೋಗಬೇಕು. ಎದುರಾಳಿಗಳು ಮೂವರು ಮೂವರಾಗಿ ಅಂಗಳಕ್ಕೆ ಇಳಿಯುತ್ತಾರೆ. ಅವರು ಕೂತವರ ನಡುವೆ ಹೇಗೆ ಬೇಕಾದರೂ ನುಸುಳಬಹುದು. ಅಟ್ಟುವವರಿಗೆ ಆ ಸ್ವಾತಂತ್ರ್ಯವಿಲ್ಲ. ನಡುವೆ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದೆ ತಿರುಗುವಂತಿಲ್ಲ. ಅಂದರೆ ಒಬ್ಬರೇ ಎಷ್ಟು ಓಡಿದರೂ ಗೆಲ್ಲೋದು ಕಷ್ಟ. ಅದಕ್ಕೇ ಖೋ. ಕೂತವರ ಬೆನ್ನು ಮುಟ್ಟಿ ಜೋರಾಗಿ ಕೂಗಿದರೆ ಅವರು ಏಳುತ್ತಾರೆ, ಅವರ ಜಾಗದಲ್ಲಿ ನೀವು ಕೂರುತ್ತೀರಿ. ಖೋ ಸಿಗುವವರೆಗೆ ಎದುರಾಳಿ ಮೂಗಿನ ಮುಂದೆಯೇ ಓಡಿದರೂ ಏಳುವ ಹಾಗಿಲ್ಲ, ಎದ್ದರೆ ಫೌಲ್. ಮೊಣಕಾಲು ಮಡಚಿ ಕೂತಲ್ಲಿಂದ ಒಂದೇ ನೆಗೆತಕ್ಕೆ ಓಟ ಹಿಡಿಯೋದು ವರ್ಷಗಟ್ಟಲೆ ಕಲಿಯಬೇಕಾದ ಕೆಲಸ.

ನಾನು ಮೂಡಲಗಿ ಕಡೆಯವನು. ಅಲ್ಲಿನ ಹೈಸ್ಕೂಲಿನಲ್ಲಿ ನಮ್ಮ ಕ್ಲಾಸಿನ ಒಬ್ಬ ಹುಡುಗಿಯನ್ನು ಹುಡುಗರು ಯಾರೂ ಮುಟ್ಟಲಾಗುತ್ತಿರಲಿಲ್ಲ. ಕಂಬದ ಹತ್ತಿರ ಸಿಕ್ಕಿಬಿಟ್ಟಳು ಅನ್ನೋಷ್ಟರಲ್ಲಿ ಸೊಂಟ ತಿರುವಿ ಆಚೆ ಹೋಗಿರುತ್ತಿದ್ದಳು. ಎಸ್ಸೆಸ್ಸೆಲ್ಸಿ ಮುಗಿದಾಗ ಪಿ.ಟಿ. ಮಾಸ್ತರು ಅವರ ಮನೆಗೇ ಹೋಗಿ, ಆಟ ಬಿಡಿಸಬ್ಯಾಡ್ರಿ ಅಂದರು. ಅವಳಪ್ಪ ಬೈಯಲಿಲ್ಲ, ಚಹಾ ಕೊಟ್ಟು ಕೇಳಿದರು: "ಇದರಾಗ ಮುಂದ ನೌಕರಿ ಐತೇನ್ರಿ ಸರ?"

ಸರ್ ಹತ್ತಿರ ಉತ್ತರ ಇರಲಿಲ್ಲ. ನಾನು ಎಂಜಿನಿಯರಿಂಗ್ ಸೇರುವ ಹೊತ್ತಿಗೆ ಅವಳ ಮದುವೆ ಆಗಿತ್ತು.

ನಮ್ಮೂರಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. ಇದೇ ಪ್ರಶ್ನೆ ಕೇಳಿದ ಆಚೆಕಡೆಯ ಅಪ್ಪನಿಗೆ ಈಗ ಉತ್ತರ ಸಿಕ್ಕಿದೆ. ಈಚೆಕಡೆಯ ಅಪ್ಪನಿಗೆ ಏನು ಹೇಳೋಣ, ಮಂತ್ರಿಗಳೇ?