ಕಾಲುವೆಯಿಂದ ಕಾಂತಬಾಲದವರೆಗೆ

ಅಲೆಗಳು ಸಾಮಾನ್ಯವಾಗಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಹಿಂದೆ ಮುಂದೆ ಜೊತೆಯಿಲ್ಲದೆ ಒಂದೇ ಒಂದು ಉಬ್ಬು, ಆಕಾರ ಕೆಡದೆ ಮೈಲಿಗಟ್ಟಲೆ ಸಾಗುವುದುಂಟೇ? 1834ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿ ಯೂನಿಯನ್ ಕಾಲುವೆಯ ದಡದಲ್ಲಿ 26 ವರ್ಷದ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ ಅಂಥದ್ದನ್ನು ಕಣ್ಣಾರೆ ಕಂಡರು. ಜೋಡಿ ಕುದುರೆಗಳು ಎಳೆಯುತ್ತಿದ್ದ ದೋಣಿ ತಟ್ಟನೆ ನಿಂತಿತು. ಅದರ ಮುಂದೆ ಕಲಕಿ ನಿಂತಿದ್ದ ನೀರು ಮಾತ್ರ ನಿಲ್ಲಲಿಲ್ಲ. ಸುಮಾರು 30 ಅಡಿ ಉದ್ದ, ಒಂದು ಒಂದೂವರೆ ಅಡಿ ಎತ್ತರದ ನುಣುಪಾದ ದಿಬ್ಬವಾಗಿ, ಗಂಟೆಗೆ ಎಂಟೊಂಬತ್ತು ಮೈಲಿ ವೇಗದಲ್ಲಿ ಹೊರಟೇಹೋಯಿತು. ರಸೆಲ್ ಕುದುರೆಯ ಮೇಲೆ ಅದರ ಬೆನ್ನು ಹತ್ತಿದರು. ಒಂದೆರಡು ಮೈಲಿ ಹೋದಮೇಲೆ ಕಾಲುವೆಯ ತಿರುವುಗಳಲ್ಲಿ ಅದು ಕೈತಪ್ಪಿತು.

ಆಮೇಲೆ ಅವರು ತೊಟ್ಟಿಯಲ್ಲಿ ಇಂಥ ಅಲೆ ಎಬ್ಬಿಸಿ ಅಳೆದರು. ಎತ್ತರ ಹೆಚ್ಚಿದಷ್ಟೂ ವೇಗ ಹೆಚ್ಚು ಎಂಬುದನ್ನು ಗುರುತಿಸಿ, 1844ರಲ್ಲಿ ವರದಿ ಬರೆದರು. ಆಗಿನ ಗಣಿತಕ್ಕೆ ಇದು ಒಗ್ಗಲಿಲ್ಲ. ರಾಜಖಗೋಳಜ್ಞ ಜಾರ್ಜ್ ಐರಿ ಒಪ್ಪಲಿಲ್ಲ, ಭೌತವಿಜ್ಞಾನಿ ಸ್ಟೋಕ್ಸ್ ಕೂಡ ಅನುಮಾನಪಟ್ಟರು. 1870ರ ದಶಕದಲ್ಲಿ ಫ್ರಾನ್ಸಿನ ಬುಸಿನೆಸ್ಕ್, ಇಂಗ್ಲೆಂಡಿನ ರೇಲಿ ರಸೆಲ್ ಪರ ನಿಂತರು. 1895ರಲ್ಲಿ ಡಚ್ ಗಣಿತಜ್ಞ ಕೋರ್ಟೆವೆಗ್ ಮತ್ತು ಅವರ ಶಿಷ್ಯ ಡಿ ವ್ರೀಸ್ ಈ ಅಲೆಗೊಂದು ಸಮೀಕರಣ ಕೊಟ್ಟರು. ಅಲೆಯ ಎತ್ತರದ ಭಾಗ ಮುಂದಕ್ಕೆ ನುಗ್ಗಿ ಅಲೆಯನ್ನು ಕಡಿದಾಗಿಸುತ್ತದೆ. ಇದೇ ಅರೇಖೀಯ ಗುಣ. ಇನ್ನೊಂದು ಗುಣ ಅದೇ ಅಲೆಯನ್ನು ಹರಡಿ ಚಪ್ಪಟೆ ಮಾಡಲು ನೋಡುತ್ತದೆ. ಇವೆರಡೂ ಸರಿದೂಗಿದಾಗ ಒಂಟಿ ಅಲೆ ಬದುಕುತ್ತದೆ. ಕಣ್ಣು ಕಂಡದ್ದನ್ನು ಲೆಕ್ಕ ಒಪ್ಪಲು 61 ವರ್ಷ ಹಿಡಿಯಿತು.

ಬಾಹ್ಯಾಕಾಶದಲ್ಲಿ ಕಥೆ ತಿರುಗುಮುರುಗು. ಅಲ್ಲಿ ಲೆಕ್ಕ ಮೊದಲು ಬಂತು, ನೋಟ ಆಮೇಲೆ.

ಭೂಮಿಯ ವಾತಾವರಣದ ಆಚೆ ಇರುವುದು ಬರಿಯ ಶೂನ್ಯವಲ್ಲ. ಅಯಾನುಗಳೂ ಎಲೆಕ್ಟ್ರಾನುಗಳೂ ಬೇರೆಬೇರೆಯಾಗಿ ಓಡಾಡುವ ಪ್ಲಾಸ್ಮಾ ಅಲ್ಲಿದೆ. ಅದೆಷ್ಟು ವಿರಳವೆಂದರೆ ಕಣಕ್ಕೆ ಕಣ ಡಿಕ್ಕಿ ಹೊಡೆಯುವುದೇ ಅಪರೂಪ. ಅಲ್ಲಿ ಒತ್ತಡವನ್ನು ದಾಟಿಸುವ ಕೆಲಸ ವಿದ್ಯುತ್ ಮತ್ತು ಕಾಂತಕ್ಷೇತ್ರಗಳದು. 1960ರಲ್ಲಿ ಗಾರ್ಡ್ನರ್ ಮತ್ತು ಮೊರಿಕಾವಾ ಇಂಥ ಪ್ಲಾಸ್ಮಾದ ಲೆಕ್ಕ ಹಾಕುತ್ತ ಹೋದಾಗ ಎದುರಾದದ್ದು ಕಾಲುವೆಯ ಅದೇ ಹಳೆಯ ಸಮೀಕರಣ! 1965ರಲ್ಲಿ ಜಬುಸ್ಕಿ ಮತ್ತು ಮಾರ್ಟಿನ್ ಕ್ರುಸ್ಕಲ್ ಅದನ್ನು ಕಂಪ್ಯೂಟರಿಗೆ ಕೊಟ್ಟು ನೋಡಿದರು. ಎರಡು ಒಂಟಿ ಅಲೆಗಳು ಒಂದನ್ನೊಂದು ಹಾಯ್ದು, ಏನೂ ಆಗಿಲ್ಲವೆಂಬಂತೆ ಮೊದಲಿನ ಆಕಾರದಲ್ಲೇ ಹೊರಬಂದವು. ಅವಕ್ಕೆ ಸಾಲಿಟಾನ್ ಎಂದು ಹೆಸರಿಟ್ಟರು. ಮರುವರ್ಷ ಜಪಾನಿನ ವಾಶಿಮಿ ಮತ್ತು ತಾನಿಯುಟಿ, ಪ್ಲಾಸ್ಮಾದ ಅಯಾನು-ಧ್ವನಿ ಅಲೆಗಳೂ ಸಾಲಿಟಾನ್ ಆಗಬಲ್ಲವೆಂದು ತೋರಿಸಿದರು. 1970ರಲ್ಲಿ ಇಕೆಜಿ, ಟೇಲರ್, ಬೇಕರ್ ಅವನ್ನು ಪ್ರಯೋಗಾಲಯದಲ್ಲಿ ಎಬ್ಬಿಸಿಯೂ ಬಿಟ್ಟರು.

ಹಾಗಾದರೆ ಆಕಾಶದಲ್ಲಿ ಅವು ಕಾಣಲಿಲ್ಲವೇಕೆ? ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಸ್ವಾರಸ್ಯವೆನಿಸುವುದು ಇದೇ ಭಾಗ. ಅವು ಕಂಡಿದ್ದವು, ಗುರುತು ಸಿಕ್ಕಿರಲಿಲ್ಲ. ಸೂರ್ಯನಿಗೆ ಬೆನ್ನು ಮಾಡಿ ಉದ್ದಕ್ಕೆ ಚಾಚಿಕೊಂಡಿರುವ ಭೂಮಿಯ ಕಾಂತಬಾಲದಲ್ಲಿ ಒಂದು ವಿದ್ಯುತ್ ಗದ್ದಲವಿರುವುದನ್ನು 1970ರ ದಶಕದಲ್ಲೇ ಅಯೋವಾ ವಿಶ್ವವಿದ್ಯಾಲಯದ ಡೊನಾಲ್ಡ್ ಗರ್ನೆಟ್ ಮತ್ತು ಸಂಗಡಿಗರು ದಾಖಲಿಸಿದ್ದರು. ಅದು ಕಂಪನಾಂಕಗಳ ವಿಶಾಲ ವ್ಯಾಪ್ತಿಯಲ್ಲಿ ಹರಡಿಕೊಂಡಿತ್ತು. ಆಗಿನ ಉಪಗ್ರಹಗಳು ಅಲೆಯ ಆಕಾರವನ್ನು ಹಾಗೆಯೇ ಕಳಿಸುತ್ತಿದ್ದುದು ಕಡಿಮೆ. ಯಾವ ಕಂಪನಾಂಕದಲ್ಲಿ ಎಷ್ಟು ಬಲವಿದೆ ಎಂಬ ಸರಾಸರಿಯನ್ನು ಕಳಿಸುತ್ತಿದ್ದವು. ಮಿಂಚು ಹೊಡೆದಾಗ ರೇಡಿಯೋದ ಮುಳ್ಳು ಎಲ್ಲೇ ಇದ್ದರೂ ಚಟಪಟ ಸದ್ದು ಕೇಳುತ್ತದಲ್ಲ, ಇದೂ ಹಾಗೆಯೇ. ಕ್ಷಣಮಾತ್ರದ ಮಿಡಿತ ಯಾವುದೇ ಆಗಲಿ, ಕಂಪನಾಂಕಗಳ ಪಟ್ಟಿಯಲ್ಲಿ ಬರಿಯ ಗದ್ದಲವಾಗಿ ತೋರುತ್ತದೆ.

ಮೊದಲ ಸುಳಿವು ಸಿಕ್ಕಿದ್ದು ಧ್ರುವಪ್ರಭೆಯ ಮೇಲಿನ ಆಕಾಶದಲ್ಲಿ. 1976ರಲ್ಲಿ ಹಾರಿಸಿದ್ದ ಅಮೆರಿಕದ ಎಸ್‌3-3 ಉಪಗ್ರಹದ ದತ್ತಾಂಶದಲ್ಲಿ ಒಂಟಿ ಅಲೆಗಳಿವೆ ಎಂದು ಟೆಮೆರಿನ್ ಮತ್ತು ಜೊತೆಗಾರರು 1982ರಲ್ಲಿ ಪ್ರಕಟಿಸಿದರು. ಕಾಂತಬಾಲದ ಗದ್ದಲ ಬಿಡಿಸಿಕೊಂಡದ್ದು ಅದಕ್ಕೂ ತಡವಾಗಿ. ಜಪಾನಿನ ಜಿಯೋಟೇಲ್ ಉಪಗ್ರಹ 1992ರಲ್ಲಿ ಮೇಲೇರಿತು. ಅದರಲ್ಲಿ ಅಲೆಯ ಆಕಾರವನ್ನೇ ಸೆರೆಹಿಡಿಯುವ ಉಪಕರಣವಿತ್ತು. 1994ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಹಿರೋಶಿ ಮಾತ್ಸುಮೊತೊ ಮತ್ತು ತಂಡದವರು ಆ ಗದ್ದಲವನ್ನು ಬಿಡಿಸಿ ನೋಡಿದರೆ, ಒಳಗಿದ್ದದ್ದು ಬಿಡಿಬಿಡಿ ಮಿಡಿತಗಳು: ವಿದ್ಯುತ್ ಕ್ಷೇತ್ರ ಒಂದು ಕಡೆಗೆ ಏರಿ, ಮರುಗಳಿಗೆಯಲ್ಲೇ ಎದುರು ದಿಕ್ಕಿಗೆ ಇಳಿದು, ಸುಮ್ಮನಾಗುತ್ತದೆ. ಒಂದೊಂದರ ಆಯುಸ್ಸು ಮಿಲಿಸೆಕೆಂಡುಗಳ ಲೆಕ್ಕದ್ದು. ಹೆಚ್ಚಿನದೇನೂ ಬೇಕಿರಲಿಲ್ಲ, ಬೇಕಾಗಿದ್ದದ್ದು ದತ್ತಾಂಶವನ್ನು ಸರಾಸರಿ ಮಾಡದೆ ಕಳಿಸುವ ವ್ಯವಸ್ಥೆ, ಅಷ್ಟೇ.

ಅಲ್ಲಿಗೆ ಮುಗಿಯಿತೇ? ಇಲ್ಲ. ಇವು ಸಾಲಿಟಾನ್‌ಗಳೇ ಅಲ್ಲವೇ ಎಂಬ ತಕರಾರು ಎದ್ದಿತು. ಕಾಲುವೆಯ ಸಮೀಕರಣದ ಪ್ರಕಾರ ಎತ್ತರದ ಅಲೆ ಕಿರಿದಾಗಿರಬೇಕು. ಧ್ರುವಪ್ರದೇಶದ ಮೇಲೆ ಹಾರಿದ ಉಪಗ್ರಹಗಳು ಕಂಡ ಹಲವು ಅಲೆಗಳಲ್ಲಿ ಬಲ ಹೆಚ್ಚಿದಂತೆ ಅಗಲವೂ ಹೆಚ್ಚುತ್ತಿತ್ತು. ಅವನ್ನು ಎಲೆಕ್ಟ್ರಾನ್ ಕುಳಿಗಳೆಂದು ವಿವರಿಸುವುದೇ ಸರಿ ಎಂದು ಹಲವು ವಿಜ್ಞಾನಿಗಳು ವಾದಿಸಿದರು: ಎಲೆಕ್ಟ್ರಾನುಗಳು ಕಡಿಮೆಯಾದ ಜಾಗ ಧನಾವೇಶದ ಉಬ್ಬಾಗಿ ಓಡುತ್ತದೆ, ಸುತ್ತಲಿನ ಎಲೆಕ್ಟ್ರಾನುಗಳನ್ನು ತನ್ನೊಳಗೆ ಸಿಕ್ಕಿಸಿಕೊಂಡು. ಈ ಬಗೆಯ ರಚನೆಗೆ 1957ರಲ್ಲೇ ಗಣಿತ ಬರೆದಿಟ್ಟವರು ಬರ್ನ್‌ಸ್ಟೀನ್, ಗ್ರೀನ್ ಮತ್ತು ಕ್ರುಸ್ಕಲ್. ಹೌದು, ಸಾಲಿಟಾನ್‌ಗೆ ಹೆಸರಿಟ್ಟ ಅದೇ ಕ್ರುಸ್ಕಲ್. ವಾದಿ ಪ್ರತಿವಾದಿ ಇಬ್ಬರ ಮೂಲಪತ್ರಕ್ಕೂ ಒಬ್ಬರದೇ ರುಜು.

ಈ ವಾದದಲ್ಲಿ ಭಾರತದ ದನಿಯೂ ಇದೆ. ನವಿ ಮುಂಬಯಿಯ ಭಾರತೀಯ ಭೂಕಾಂತತ್ವ ಸಂಸ್ಥೆಯ ಜಿ. ಎಸ್. ಲಖೀನಾ ಮತ್ತು ಸಹೋದ್ಯೋಗಿಗಳು ಬಿಸಿ, ತಣ್ಣನೆಯ ಎಲೆಕ್ಟ್ರಾನುಗಳೂ ಹಲವು ಬಗೆಯ ಅಯಾನುಗಳೂ ಕೂಡಿರುವ ಪ್ಲಾಸ್ಮಾವನ್ನು ಲೆಕ್ಕಕ್ಕೆ ತೆಗೆದುಕೊಂಡು, ಭೂಮಿಯ ಕಾಂತಗೋಲದಲ್ಲೂ ಚಂದ್ರನ ಹಿಂಬದಿಯ ಸೌರಮಾರುತದ ನೆರಳಲ್ಲೂ ಕಂಡ ಅಲೆಗಳನ್ನು ಸಾಲಿಟಾನ್‌ಗಳಾಗಿಯೇ ವಿವರಿಸಿದ್ದಾರೆ. ಇತ್ತ 2015ರಲ್ಲಿ ನಾಸಾ ಹಾರಿಸಿದ ಎಂಎಂಎಸ್ ಯೋಜನೆಯ ನಾಲ್ಕು ಉಪಗ್ರಹಗಳು ಕೆಲವೇ ಕಿಲೋಮೀಟರ್ ಅಂತರದಲ್ಲಿ, ಸಾಲಾಗಿ ಅಲ್ಲದೆ ತ್ರಿಕೋನ ಪಿರಮಿಡ್ಡಿನ ನಾಲ್ಕು ಮೂಲೆಗಳಂತೆ ಹಾರುತ್ತ, ಒಂದೇ ಅಲೆ ತಮ್ಮನ್ನು ಒಂದೊಂದಾಗಿ ದಾಟುವುದನ್ನು ಹಿಡಿದಿವೆ. ಅದರಿಂದ ಅಲೆಯ ವೇಗವನ್ನೂ ಅಗಲವನ್ನೂ ಊಹೆಯಿಲ್ಲದೆ ಅಳೆಯಬಹುದಾಗಿದೆ. ಅಲ್ಲಿ ಎಲೆಕ್ಟ್ರಾನ್ ಕುಳಿಗಳ ಪಕ್ಷಕ್ಕೆ ಬಲ ಬಂದಿದೆ. ಆದರೆ ನಿಧಾನವಾಗಿ ಸಾಗುವ, ಅಯಾನುಗಳ ಕೈವಾಡವಿರುವ ಅಲೆಗಳ ವಿಷಯದಲ್ಲಿ ಎರಡೂ ಕಡೆಯವರು ಇನ್ನೂ ಪ್ರಬಂಧಗಳನ್ನು ಬರೆಯುತ್ತಲೇ ಇದ್ದಾರೆ.