ಚಂಚಲ ಮಗುವಿಗೆ ಶಾಲೆಯ ನೆರವು

ತಾಯಂದಿರೇ, ತಂದೆಯರೇ,

ಒಂದೆಡೆ ಕೂರದ, ಹೇಳಿದ್ದನ್ನು ಮರೆಯುವ, ಬರಹವನ್ನು ಅರ್ಧಕ್ಕೇ ಬಿಡುವ ಮಗುವನ್ನು ‘ದಡ್ಡ’ ಎಂದು ದಂಡಿಸಿದರೆ, ಅದು ಮನನೊಂದು ಶಾಲೆಯನ್ನೇ ತೊರೆಯಬಹುದು. ಈ ಲಕ್ಷಣಗಳು ಮನೆ, ಶಾಲೆ ಎರಡರಲ್ಲಿಯೂ ಆರು ತಿಂಗಳಿಗೂ ಮೇಲ್ಪಟ್ಟು ಕಂಡುಬಂದು ಕಲಿಕೆಗೆ ಅಡ್ಡಿಯಾದಲ್ಲಿ, ಅದು ಎ.ಡಿ.ಎಚ್.ಡಿ. ಎಂಬ ಗಮನದ ಕೊರತೆಯ ತೊಂದರೆಯಾಗಿರಬಹುದು. ಇದು ಮಗುವಿನ ಹಟವಲ್ಲ. ನಿಮ್ಮ ಪಾಲನೆಯ ದೋಷವೂ ಅಲ್ಲ.

ದಂಪತಿಗಳಿಬ್ಬರೂ ಶಾಲೆಗೆ ಹೋಗಿ, ಉಪಾಧ್ಯಾಯರು ಕಂಡದ್ದನ್ನು ಬರೆಸಿಕೊಳ್ಳಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಶಾಲೆಗಳಲ್ಲಿ ನಡೆಯುವ ತಪಾಸಣೆಯಲ್ಲಿ ಈ ತೊಂದರೆಯೂ ಸೇರಿದೆ. ಆ ತಂಡಕ್ಕೆ ನಿಮ್ಮ ಮಗುವನ್ನು ತಪ್ಪದೆ ತೋರಿಸಿರಿ. ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ಜಿಲ್ಲಾ ಆಸ್ಪತ್ರೆಗೆ ಹೋಗಿರಿ. ಮೊದಲು ಕಣ್ಣು, ಕಿವಿಗಳ ಪರೀಕ್ಷೆಯಾಗಲಿ. ಸರಿಯಾಗಿ ಕಾಣದ, ಕೇಳದ ಮಗುವೂ ಗಮನವಿಲ್ಲದಂತೆ ತೋರಬಹುದು. ರಕ್ತಪರೀಕ್ಷೆಯಿಂದ ಈ ತೊಂದರೆ ತಿಳಿಯದು. ನೀವು ಮತ್ತು ಉಪಾಧ್ಯಾಯರು ನೀಡುವ ವಿವರಗಳೇ ವೈದ್ಯರಿಗೆ ಮುಖ್ಯ ಆಧಾರ.

ವರದಿಯನ್ನು ಪೆಟ್ಟಿಗೆಯಲ್ಲಿಡದೆ, ಅದರ ಪ್ರತಿಯನ್ನು ಮುಖ್ಯೋಪಾಧ್ಯಾಯರಿಗೆ ಕೊಡಿರಿ. ಮುಂದಿನ ಸಾಲಿನಲ್ಲಿ ಸ್ಥಳ, ಒಂದು ಸಲಕ್ಕೆ ಒಂದೇ ಸೂಚನೆ, ಸಣ್ಣ ಸಣ್ಣ ಪಾಠಭಾಗ, ನಡುನಡುವೆ ಎದ್ದು ಓಡಾಡುವ ಅವಕಾಶ ಇವುಗಳನ್ನು ಕೇಳಿರಿ. ನೆರವು ಕೇಳುವುದರಲ್ಲಿ ಅವಮಾನವಿಲ್ಲ. ಕಲಿಯುವುದು ನಿಮ್ಮ ಮಗುವಿನ ಹಕ್ಕು.